ಬಾಗಿಲರಾಯನ ಸಹಿ ಮುರಿದವಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸುತ್ತಿಗೆ ಎನ್ನುತ್ತಿದ್ದರು. ಎದುರಿಗೆ ಸುತ್ತಿಗೆ ಮೇಡಂ, ಬೆನ್ನ ಹಿಂದೆ ಬರೀ ಸುತ್ತಿಗೆ. ಬೇರೆಯವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ್ದನ್ನು ಒಡೆದು ತೋರಿಸುವುದೇ ಅವಳ ಕೆಲಸ, ಅದಕ್ಕೇ ಸಂಬಳ. ಒಡೆದ ಮೇಲೆ ಬೆನ್ನು ಸವರಿ ಸಮಾಧಾನ ಹೇಳುವ ಅಭ್ಯಾಸವೂ ಅವಳಿಗಿರಲಿಲ್ಲ. "ಇದು ಹೋಯ್ತು, ಮತ್ತೆ ಮಾಡಿ" ಅಂದು ಲೋಟ ಎತ್ತಿಕೊಂಡು ಕಾಫಿ ಯಂತ್ರದ ಕಡೆ ನಡೆದುಬಿಡುತ್ತಿದ್ದಳು. ಅಂಥವಳನ್ನು ಯಾರು ಮನೆಗೆ ಊಟಕ್ಕೆ ಕರೆದಾರು? ಯಾರೂ ಕರೆಯುತ್ತಿರಲಿಲ್ಲ. ಅವಳೂ ಕಾದು ಕೂತಿರಲಿಲ್ಲ.

ಅವಳು ಒಡೆಯುತ್ತಿದ್ದದ್ದು ಸಹಿಗಳನ್ನು. ಪೆನ್ನಿನಲ್ಲಿ ಗೀಚುವ ಸಹಿಯಲ್ಲ. ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಕಳಿಸುವ ಸಹಿ. "ಈ ಅಪ್ಪಣೆ ಕೊಟ್ಟವನು ನಾನೇ, ಬೇರೆ ಯಾರೂ ಅಲ್ಲ" ಎಂದು ಸಾರುವ ಅಂಕಿಗಳ ಸಾಲು ಅದು. ಅದರ ಹಿಂದಿರುವ ಗಣಿತ ಹೆದರಿಸುವಂಥದ್ದು, ಆದರೆ ಚಿತ್ರ ಸರಳ. ಕೊನೆಮೊದಲಿಲ್ಲದೆ ಸಾಲುಸಾಲಾಗಿ ಹರಡಿದ ಚುಕ್ಕಿಗಳನ್ನು ನೆನೆಸಿಕೊಳ್ಳಿ. ಹಾಳೆಯ ಮೇಲಾದರೆ ಉದ್ದ, ಅಗಲ ಎರಡೇ ದಿಕ್ಕು. ಹತ್ತಿರದ ಚುಕ್ಕಿಯನ್ನು ಕಣ್ಣು ಮುಚ್ಚಿಕೊಂಡೂ ತಡವಿ ಹಿಡಿಯಬಹುದು. ಇಲ್ಲಿ ದಿಕ್ಕುಗಳು ನೂರಾರು. ಆ ಬಯಲಿನ ನಡುವೆ ಎಲ್ಲೋ ಒಂದು ಕಡೆ ತಂದು ನಿಲ್ಲಿಸಿ, ಹತ್ತಿರದ ಚುಕ್ಕಿ ಯಾವುದು ಹೇಳು ಎಂದರೆ ಲೋಕದ ಯಂತ್ರಗಳೆಲ್ಲ ಸೇರಿದರೂ ತಿಣುಕುತ್ತವೆ. ಒಂದಿಷ್ಟು ಸಣ್ಣ ಅಂಕಿಗಳ ಗುಟ್ಟು ಯಾರ ಹತ್ತಿರ ಇದೆಯೋ ಅವನಿಗೆ ಮಾತ್ರ ದಾರಿ ಗೊತ್ತು. ಅವನ ಸಹಿಯನ್ನು ಇನ್ನೊಬ್ಬ ಹಾಕಲಾರ.

ಸಹಿ ಹಾಕುವಾಗಲೆಲ್ಲ ಆ ಗುಟ್ಟನ್ನು ಬಳಸಲೇಬೇಕು, ಆದರೆ ಬಳಸಿದ್ದು ಕಾಣಬಾರದು. ಅದಕ್ಕೆ ಪ್ರತಿ ಸಲವೂ ಗೊತ್ತುಗುರಿಯಿಲ್ಲದ ಒಂದು ದೊಡ್ಡ ಸಂಖ್ಯೆಯನ್ನು ತಂದು ಗುಟ್ಟಿನ ಮೇಲೆ ಕಂಬಳಿಯ ಹಾಗೆ ಹೊದಿಸುತ್ತಾರೆ. ಒಮ್ಮೊಮ್ಮೆ ಕಂಬಳಿ ಸರಿದು ಕಾಲಿನ ಬೆರಳು ಇಣುಕುತ್ತದೆ. ಹಾಗೆ ಇಣುಕಿದ ಸಹಿಯನ್ನು ಹೊರಗೆ ಬಿಡುವಂತಿಲ್ಲ. ಎಸೆದು, ಹೊಸ ಕಂಬಳಿ ತಂದು, ಮೊದಲಿನಿಂದ ಹಾಕಬೇಕು. ಅದೂ ಇಣುಕಿದರೆ ಅದನ್ನೂ ಎಸೆಯಬೇಕು. ಹೀಗೆ ಎಸೆಯುವುದೇ ಈ ವಿದ್ಯೆಯ ಜೀವಾಳ ಎಂದು ಸುತ್ತಿಗೆ ಹೊಸಬರಿಗೆ ಬೈದು ಬೈದು ಕಲಿಸುತ್ತಿದ್ದಳು. ಎಸೆಯದವನು ಸಹಿ ಹಾಕಿದಷ್ಟೂ ತನ್ನ ಗುಟ್ಟನ್ನು ಚೂರುಚೂರೇ ಬೀದಿಗೆ ಹಂಚುತ್ತಾನೆ. ಬೀದಿಯಲ್ಲಿ ಆಯ್ದುಕೊಳ್ಳುವವರು ಇದ್ದೇ ಇರುತ್ತಾರೆ.

ಆಯ್ದುಕೊಳ್ಳುವ ವಿದ್ಯೆಯಲ್ಲಿ ಅರ್ಧವನ್ನು ಅವಳು ಕಾಲೇಜಿನಲ್ಲಿ ಕಲಿತಳು. ಇನ್ನರ್ಧವನ್ನು ಕಲಿತದ್ದು ಮನೆಯಲ್ಲಿ, ಅಪ್ಪನ ಕೈಯಿಂದ. ಅಪ್ಪ ಲಾರಿ ಟೈರು ಬಿಚ್ಚಿ ಜೋಡಿಸುವ ಅಂಗಡಿಯಲ್ಲಿ ದುಡಿಯುತ್ತಿದ್ದ. ತೋಳೆಂದರೆ ತೋಳು. ಕೋಪ ಮೂಗಿನ ತುದಿಯಲ್ಲಿ. ಊಟಕ್ಕೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಸರಿಯಾಗಿದ್ದರೆ ಇವತ್ತೇನು ವಿಶೇಷ ಎಂದು ಏಟು. ಅಮ್ಮ ಒಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ಅಳುತ್ತಿದ್ದಳು. ದೊಡ್ಡ ಮಗಳು ಅಳಲಿಲ್ಲ, ಗಮನಿಸಿದಳು. ಒಂದು ಏಟು ತಿಂದರೆ ಏನೂ ತಿಳಿಯುವುದಿಲ್ಲ. ಹತ್ತು ತಿಂದರೂ ತಿಳಿಯುವುದಿಲ್ಲ. ವರ್ಷಗಟ್ಟಲೆ ತಿಂದರೆ ಏಟಿನ ಹಿಂದಿರುವ ಮನುಷ್ಯ ಪೂರ್ತಿ ಕಾಣುತ್ತಾನೆ. ಬಲಗೈ ಏಳುವ ಮೊದಲು ಅಪ್ಪ ಎಡಗಾಲಿನ ಮೇಲೆ ಭಾರ ಬಿಡುತ್ತಿದ್ದ. ಬೆಲ್ಟಿಗೆ ಕೈ ಹೋಗುವ ಮೊದಲು ಮಾತು ನಿಲ್ಲಿಸುತ್ತಿದ್ದ. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವನ ಒಂದು ಏಟೂ ಅವಳಿಗೆ ನೆಟ್ಟಗೆ ತಾಗುತ್ತಿರಲಿಲ್ಲ. ತಲೆ ಅಷ್ಟೇ ಅಷ್ಟು ಪಕ್ಕಕ್ಕೆ ಸರಿದಿರುತ್ತಿತ್ತು, ಅಪ್ಪನ ಗುದ್ದು ಗೋಡೆಗೆ ಬೀಳುತ್ತಿತ್ತು.

ತಂಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಅವಳು ಅಕ್ಕನ ಬೆನ್ನ ಹಿಂದೆ ನಿಂತೇ ಬೆಳೆದಳು. ಅಪ್ಪ ಎದ್ದನೆಂದರೆ ಅಕ್ಕ ಅಡ್ಡ ಬರುತ್ತಿದ್ದಳು. ಸುತ್ತಿಗೆಗೆ ಬದುಕಿನಲ್ಲಿ ಹೆಮ್ಮೆಯೆಂಬುದು ಇದ್ದರೆ ಇದೊಂದೇ: ಆ ಮನೆಯ ಏಟುಗಳನ್ನೆಲ್ಲ ತಾನು ತಿಂದೆ, ಪುಟ್ಟಿಯ ಮೈ ಮುಟ್ಟಲು ಬಿಡಲಿಲ್ಲ.

ಪುಟ್ಟಿ ತಾನೇ ಒಪ್ಪಿ ಮದುವೆಯಾದದ್ದು ಬಾಗಿಲು ಮಾಡುವವನನ್ನು. ಬೀಗದ ಕೈಯಿಲ್ಲದ, ಸಹಿ ಹಾಕಿದ ಅಪ್ಪಣೆಗೆ ಮಾತ್ರ ತೆರೆಯುವ ಬಾಗಿಲುಗಳ ಸಣ್ಣ ಕಾರ್ಖಾನೆ ಅವನದು. ತೆಳ್ಳಗಿದ್ದ, ನುಣ್ಣಗೆ ಮಾತಾಡುತ್ತಿದ್ದ, ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. "ಅಪ್ಪನ ಥರ ಅಲ್ಲ ಅಕ್ಕಾ" ಎಂದಳು ಪುಟ್ಟಿ, ಅದೊಂದೇ ಸಾಕು ಎನ್ನುವ ಹಾಗೆ. ಸುತ್ತಿಗೆ ಅವನಿಗೆ ಬಾಗಿಲರಾಯ ಎಂದು ಹೆಸರಿಟ್ಟಳು. ಅಕ್ಕತಂಗಿಯರಿಬ್ಬರೂ ಅವನ ಬೆನ್ನ ಹಿಂದೆ ಹಾಗೇ ಕರೆದು ನಗುತ್ತಿದ್ದರು.

ಒಂದು ರಜಾದಿನ ಮಧ್ಯಾಹ್ನ ಅವಳು ಅವರ ಮನೆಗೆ ಊಟಕ್ಕೆ ಹೋದಳು. ಬಾಗಿಲರಾಯ ಜೇಬಿನಿಂದ ಸೋಪಿನ ಬಿಲ್ಲೆಯಷ್ಟು ದೊಡ್ಡ ಸಹಿಯಂತ್ರ ತೆಗೆದು ಮುಂಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚಿ ತೋರಿಸಿದ. ಹೊಸ ಆಟಿಕೆ ಸಿಕ್ಕ ಮಗುವಿನ ಸಡಗರ. ಸುತ್ತಿಗೆಯ ಕಣ್ಣು ಬಾಗಿಲಿನ ಮೇಲಿರಲಿಲ್ಲ, ಕಿವಿ ಅದು ತೆಗೆದುಕೊಳ್ಳುವ ಹೊತ್ತಿನ ಮೇಲಿತ್ತು. ಸರಿಯಾಗಿ ಎಸೆಯುವ ಯಂತ್ರ ಒಂದು ಸಲ ತಟ್ಟನೆ ತೆರೆಯುತ್ತದೆ, ಇನ್ನೊಂದು ಸಲ ತುಸು ತಡೆಯುತ್ತದೆ, ಯಾಕೆಂದರೆ ಎಷ್ಟು ಎಸೆಯಬೇಕಾದೀತೆಂದು ಅದಕ್ಕೇ ಗೊತ್ತಿರುವುದಿಲ್ಲ. ಈ ಬಾಗಿಲು ಪ್ರತಿ ಸಲವೂ ಒಂದೇ ಹೊತ್ತಿಗೆ ತೆರೆಯಿತು.

"ನಿಮ್ಮ ಬಾಗಿಲು ಒಂಚೂರೂ ತಡವರಿಸಲ್ಲ ಅಲ್ವಾ?" ಎಂದಳು.

"ಅದೇ ಅದರ ಹೆಚ್ಚುಗಾರಿಕೆ ಅಕ್ಕಾ. ಬಾಗಿಲ ಮುಂದೆ ನಿಂತು ಕಾಯೋದು ಅಂದ್ರೆ ನನಗಾಗಲ್ಲ."

"ತಡವರಿಸದೆ ಮಾತಾಡೋರು ಎರಡೇ ಥರ ಜನ. ಎಲ್ಲಾ ತಿಳಿದೋರು, ಏನೂ ತಿಳೀದೋರು" ಎಂದು ಅವಳು ನಕ್ಕಳು. ಪುಟ್ಟಿಯೂ ನಕ್ಕಳು. ಅವನೂ ನಕ್ಕ, ಇನ್ನೊಂದಿಷ್ಟು ಬಡಿಸಿದ.

ಮಾರನೆಯ ದಿನ ತಂಗಿಯ ಫೋನು ಬಂತು. "ಅಕ್ಕಾ, ಇನ್ಮೇಲೆ ಅವರ ಬಾಗಿಲ ಬಗ್ಗೆ ಏನೂ ಅನ್ಬೇಡ."

"ಯಾಕೆ, ಬೇಜಾರು ಮಾಡ್ಕೊಂಡ್ರಾ?"

"ಬೇಜಾರು ಅಂತಲ್ಲ." ಆ ಕಡೆ ಫೋನು ಕೈ ಬದಲಿಸಿದ ಸದ್ದಾಯಿತು. "ಸ್ವಲ್ಪ ಗಟ್ಟಿಯಾಗಿ ಮಾತಾಡು. ಈ ಕಿವಿ ಕೇಳಿಸ್ತಿಲ್ಲ, ಆ ಕಡೆಗೆ ಹಿಡ್ಕೊಂಡಿದೀನಿ."

ಸುತ್ತಿಗೆಗೆ ಅರ್ಥವಾಯಿತು. ತಾನಾಡಿದ ಒಂದು ಕೊಂಕು ಮಾತಿಗೆ ತಂಗಿಯ ಕಿವಿತಮಟೆ ಹರಿದಿತ್ತು. ಅವತ್ತೇ ಪೊಲೀಸರನ್ನು ಕರೆದುಕೊಂಡು ಆ ಮನೆಗೆ ಹೋದಳು. ಬಾಗಿಲರಾಯ ನಗುನಗುತ್ತ ಬಾಗಿಲು ತೆರೆದ, ಕುರ್ಚಿ ಹಾಕಿದ. ಪುಟ್ಟಿ ಬಂದು, ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದೆ ಎಂದು ತನ್ನ ಕೈಯಾರೆ ಬರೆದು ಕೊಟ್ಟಳು. ಮುಂದೆ ತುಟಿ ಸೀಳಿದಾಗಲೂ ಹಾಗೇ ಬರೆದಳು, ಪಕ್ಕೆಲುಬು ಮುರಿದಾಗಲೂ ಹಾಗೇ ಬರೆದಳು. ಪೊಲೀಸಿನವನು ಮೆಟ್ಟಿಲು ಇಳಿಯುತ್ತ, "ಗಂಡಹೆಂಡಿರ ಜಗಳ ಉಂಡು ಮಲಗೋ ತನಕ ಮೇಡಂ, ನಡುವೆ ನೀವು ಬರ್ಬೇಡಿ" ಎಂದ. ಈ ಗಾದೆ ಕಟ್ಟಿದವನು ಸಿಕ್ಕಿದರೆ ಅವನ ಪಕ್ಕೆಲುಬನ್ನೂ ಒಮ್ಮೆ ಎಣಿಸಿ ನೋಡಬೇಕು. ಆಮೇಲೆ ಪುಟ್ಟಿಯ ಫೋನು ನಿಂತೇ ಹೋಯಿತು.

ಆ ಮನೆಯ ಎದುರಿಗೆ ಬಟ್ಟೆ ಒಗೆದೂ ಕೊಡುವ ಒಂದು ಇಸ್ತ್ರಿ ಅಂಗಡಿ. ನಡೆಸುತ್ತಿದ್ದವಳು ದಪ್ಪ ಮೈಯ, ದಪ್ಪ ದನಿಯ ಇಸ್ತ್ರಿಯಮ್ಮ. ಸುತ್ತಿಗೆ ಹೋಗಿ ನಿಂತಾಗ ಅವಳೇ ಮಾತು ತೆಗೆದಳು.

"ನೀವು ಆ ಮನೆ ಹುಡುಗಿ ಅಕ್ಕ ಅಲ್ವಾ? ನಾನು ಕಲೆ ನೋಡಿ ಮನುಷ್ಯರನ್ನ ಹೇಳ್ತೀನಿ. ಕಾಲರಲ್ಲಿ ರಕ್ತ ಇದ್ರೆ ಗಡ್ಡ ಮಾಡ್ಕೊಳೋವಾಗ ಕೊಯ್ಕೊಂಡಿದ್ದು. ಆ ಯಜಮಾನರ ಅಂಗೀಲಿ ರಕ್ತ ತೋಳಿನ ತುದೀಲಿ ಇರುತ್ತೆ. ಯಾವಾಗ್ಲೂ ಬಲಗಡೆ."

"ಯಾರಿಗಾದ್ರೂ ಹೇಳಿದ್ರಾ?"

"ಯಾರಿಗೆ ಹೇಳ್ಲಿ? ಆ ಹುಡುಗಿ ಹೊರಗೆ ಬರೋದೇ ನಿಂತೋಯ್ತು. ಕಿಟಕಿಗೂ ಹಲಗೆ ಹೊಡೆಸಿದ. ನೀವು ಬನ್ನಿ, ಒಳಗೆ ಕೂತ್ಕೊಳಿ, ಇಲ್ಲಿಂದ ಬಾಗಿಲು ಚೆನ್ನಾಗಿ ಕಾಣುತ್ತೆ."

ಸುತ್ತಿಗೆ ಕಚೇರಿಗೆ ರಜೆ ಹಾಕಿ ಆ ಅಂಗಡಿಯೊಳಗೆ ಮಡಿಸಿದ ಹಾಸು ಬಟ್ಟೆಗಳ ಹಿಂದೆ ಕೂತಳು. ಮಡಿಲಲ್ಲಿ ಗಾಳಿಯಲ್ಲಿ ಹೋಗುವ ಸಂದೇಶಗಳನ್ನು ಹಿಡಿಯುವ ಯಂತ್ರ. ಮೊದಲ ದಿನವೇ ಅವಳಿಗೆ ವಿಷಯ ಗೊತ್ತಾಯಿತು. ಬಾಗಿಲರಾಯನಿಗೆ ಹೆಂಡತಿಯ ಮೇಲೆ ಎಷ್ಟು ಅನುಮಾನವೆಂದರೆ, ಒಮ್ಮೆ ಬೀಗ ಹಾಕಿ ಹೋದರೆ ಅವನಿಗೆ ಸಾಕಾಗುತ್ತಿರಲಿಲ್ಲ. ಅವನ ಜೇಬಿನ ಯಂತ್ರ ಇಡೀ ದಿನ, ಅವನು ಎಲ್ಲೇ ಇರಲಿ, ಬಾಗಿಲಿಗೆ ಒಂದೇ ಅಪ್ಪಣೆ ಕಳಿಸುತ್ತಿತ್ತು. ಮುಚ್ಚಿರು. ಮುಚ್ಚಿರು. ಮುಚ್ಚಿರು. ಪ್ರತಿಯೊಂದಕ್ಕೂ ಅವನ ಸಹಿ. ಬೀದಿಯ ತಿರುವಿನ ಮೊಬೈಲ್ ಕಂಬದಿಂದ ಬಾಗಿಲಿನವರೆಗೆ ಅದು ಗಾಳಿಯಲ್ಲೇ ಹೋಗಬೇಕು, ಇಸ್ತ್ರಿ ಅಂಗಡಿಯ ತಲೆಯ ಮೇಲಿಂದಲೇ ಹೋಗಬೇಕು.

ಸಹಿ ಬಹಳ ಚಿಕ್ಕದಾಗಿತ್ತು. ಅಗ್ಗದ ಬಾಗಿಲಿಗೆ ದೊಡ್ಡ ಸಹಿ ಭಾರವಾದೀತೆಂದು ಅವನು ಕಂಬಳಿಯನ್ನೇ ಕತ್ತರಿಸಿ ಚಿಕ್ಕದು ಮಾಡಿದ್ದ. ಚಿಕ್ಕ ಕಂಬಳಿಯಲ್ಲಿ ಕಾಲು ಪ್ರತಿ ಸಲವೂ ಇಣುಕುತ್ತದೆ, ಪ್ರತಿ ಸಲವೂ ಎಸೆಯಬೇಕಾಗುತ್ತದೆ, ಬಾಗಿಲ ಮುಂದೆ ಕಾಯಬೇಕಾಗುತ್ತದೆ. ಕಾಯುವುದು ಈ ಮಹರಾಯನಿಗೆ ಆಗದಲ್ಲ! ಎಸೆಯುವುದನ್ನೇ ತೆಗೆದುಹಾಕಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನು ಹಾಸಿಗೆಯನ್ನೂ ಕೊಯ್ದು, ಕಾಲನ್ನೂ ಚಾಚಿ, ನನ್ನನ್ನು ಯಾರು ನೋಡುತ್ತಾರೆ ಎಂದು ಮಲಗಿದ್ದ. ಹೆಂಡತಿಯನ್ನು ಅವನು ಕೂಡಿಹಾಕಿದಷ್ಟೂ ಅವನ ಗುಟ್ಟು ಹೊರಗೆ ಸೋರಿತು. ಅನುಮಾನ ಕಡಿಮೆಯಿದ್ದಿದ್ದರೆ ಅವನು ಸಿಕ್ಕುತ್ತಲೇ ಇರಲಿಲ್ಲ.

ಅವಳು ಸಹಿಗಳನ್ನು ರಾಶಿ ಹಾಕಿದಳು, ಒಂದರ ಮೇಲೊಂದು ಇಟ್ಟು ತೂಗಿದಳು. ಒಂದೊಂದರಲ್ಲಿ ಒಂದು ಕೂದಲೆಳೆಯಷ್ಟು ವಾಲಿಕೆ. ರಾಶಿ ಬೆಳೆದ ಹಾಗೆ ವಾಲಿಕೆ ಯಾವ ಕಡೆಗೆಂದು ಕಾಣತೊಡಗಿತು, ಗುಟ್ಟಿನ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಅಪ್ಪನ ಎಡಗಾಲಿನ ಭಾರವನ್ನು ಓದಿದ ಹಾಗೇ ಅವಳು ಅವನನ್ನು ಓದಿದಳು. ಕೆಲವು ಅಂಕಿಗಳು ಇನ್ನೂ ಮಸುಕಾಗಿದ್ದವು. ಇನ್ನೂ ಎರಡು ದಿನ ಕಾದರೆ ಎಲ್ಲವೂ ಸ್ಪಷ್ಟವಾಗುತ್ತಿತ್ತು.

ಕಾಯಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲರಾಯ ಹಾಸು ಬಟ್ಟೆಯ ಗಂಟು ತಂದು ಅಂಗಡಿಯ ಹಲಗೆಯ ಮೇಲಿಟ್ಟು, ಬೇಗ ಬೇಕು ಎಂದು ನುಣ್ಣಗೆ ಹೇಳಿ ಹೋದ. ಇಸ್ತ್ರಿಯಮ್ಮ ಗಂಟು ಬಿಚ್ಚಿದಳು. ಬಿಚ್ಚಿ, ಹಾಗೇ ಕೂತುಬಿಟ್ಟಳು. ಬಟ್ಟೆ ಒದ್ದೆಯಾಗಿ, ಕಪ್ಪಾಗಿ, ಹಿಂಡಿದರೆ ಸುರಿಯುವ ಹಾಗಿತ್ತು. ನಡುವೆ ಒಂದು ಹಲ್ಲು ಅಂಟಿಕೊಂಡಿತ್ತು.

"ಇವತ್ತೇ ಮೇಡಂ" ಎಂದಳು. "ನಾಳೆ ಅಂದ್ರೆ ಇರಲ್ಲ."

ಸುತ್ತಿಗೆ ಮಸುಕಾದ ಅಂಕಿಗಳನ್ನು ಊಹಿಸಿ, ಅವನ ಸಹಿಯನ್ನು ತಾನೇ ಕಟ್ಟಿ, ತೆರೆ ಎಂದು ಕಳಿಸಿದಳು. ಬಾಗಿಲು ಒಪ್ಪಲಿಲ್ಲ. ಊಹೆ ಬದಲಿಸಿದಳು, ಒಪ್ಪಲಿಲ್ಲ. ಬೈಗುಳ ತನ್ನಷ್ಟಕ್ಕೆ ಬರುತ್ತಿತ್ತು. ಮತ್ತೆ ಬದಲಿಸಿದಳು, ಮತ್ತೆ ಕಳಿಸಿದಳು. ಬೀದಿಯಾಚೆ ಕಬ್ಬಿಣದ ನಾಲಿಗೆ ಸರಿದ ಸದ್ದಾಯಿತು, ಬಾಗಿಲು ಒಳಕ್ಕೆ ಬಾಯಿಬಿಟ್ಟಿತು. ಬಾಗಿಲರಾಯನ ಬಾಗಿಲು ಬಾಗಿಲರಾಯನ ಸಹಿಯನ್ನು ಒಪ್ಪಿಕೊಂಡಿತ್ತು.

ಒಳಗೆ ಊಟದ ಮೇಜು ಒರೆಸಿ ಚೊಕ್ಕಟವಾಗಿತ್ತು, ಕುರ್ಚಿಗಳು ಸಾಲಾಗಿದ್ದವು. ಮಲಗುವ ಕೋಣೆಯಿಂದ ಸ್ನಾನದ ಕೋಣೆಯವರೆಗೆ ನೆಲದ ಮೇಲೆ ಎಳೆದ ಗೆರೆ. ಪುಟ್ಟಿ ಬಚ್ಚಲ ಮೂಲೆಯಲ್ಲಿ ನಲ್ಲಿಗೆ ಒರಗಿ ಕೂತಿದ್ದಳು. ಕೆಳದವಡೆ ಒಂದು ಪಕ್ಕಕ್ಕೆ ಜಾರಿ ಮುಖ ಬೇರೆ ಯಾರದೋ ಆಗಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದು ಅಕ್ಕನನ್ನು ನೋಡಿತು. ಕಾಲು ಊರಲು ಆಗಲಿಲ್ಲ. ಇಸ್ತ್ರಿಯಮ್ಮ ಬಟ್ಟೆ ತಳ್ಳುವ ಗಾಡಿಯನ್ನು ಒಳಗೇ ನುಗ್ಗಿಸಿದಳು. ಇಬ್ಬರೂ ಸೇರಿ ಅವಳನ್ನು ಎತ್ತಿ ಅದರಲ್ಲಿ ಮಲಗಿಸಿ ಹೊರಗೆ ತಂದರು.

ಬಾಗಿಲು ತೆರೆದ ಸುದ್ದಿ ಅವನ ಜೇಬಿಗೆ ಹೋಗಿತ್ತು. ತೆರೆದವರು ನೀವೇ ಎಂದು ಅವನ ಯಂತ್ರ ಅವನಿಗೇ ಹೇಳಿರಬೇಕು. ಅವನು ಕಾರಿನಿಂದ ಇಳಿದಾಗ ಗಾಡಿ ಇನ್ನೂ ಇಸ್ತ್ರಿ ಅಂಗಡಿಯ ಮುಂದೆಯೇ ಇತ್ತು. ಆಗಲೂ ಅವನು ದನಿ ಏರಿಸಲಿಲ್ಲ. "ನನ್ನ ಹೆಂಡತಿನ ಒಳಗೆ ಕರ್ಕೊಂಡು ಹೋಗಿ ಅಕ್ಕಾ" ಎಂದ. ಸುತ್ತಿಗೆ ಅಡ್ಡ ನಿಂತಳು. ಮೊದಲ ಗುದ್ದಿಗೆ ಅವಳ ತಲೆ ಅಲ್ಲಿರಲಿಲ್ಲ, ಅವನ ಮುಷ್ಟಿ ಅಂಗಡಿಯ ಕಬ್ಬಿಣದ ಕಂಬಕ್ಕೆ ಬಡಿಯಿತು. ನೋವಿಗೆ ಹುಚ್ಚು ಹಿಡಿದವನಂತೆ ಅವನು ಗಾಡಿಗೆ ಒದ್ದ. ಗಾಡಿ ಪಕ್ಕಕ್ಕೆ ಉರುಳಿತು, ಪುಟ್ಟಿ ರಸ್ತೆಯ ಮೇಲೆ ಬಿದ್ದಳು. ಅವನು ಬಗ್ಗಿ ಅವಳ ಕೂದಲು ಹಿಡಿದು ಮನೆಯ ಕಡೆ ಎಳೆಯತೊಡಗಿದ. ಸುತ್ತಿಗೆ ಅವನ ಬೆನ್ನ ಮೇಲೆ ಬಿದ್ದು ಕಿವಿ ಕಚ್ಚಿದಳು, ಬಿಡಲಿಲ್ಲ. ಅವನು ಅವಳನ್ನು ಗೋಡೆಗೆ ಅಪ್ಪಳಿಸಿದ, ಆದರೂ ಕೂದಲು ಹಿಡಿದ ಕೈ ಸಡಿಲಿಸಲಿಲ್ಲ. ಇಸ್ತ್ರಿಯಮ್ಮ ಒಳಗೆ ಹೋಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ತಂದಳು. ಕರೆಯಲಿಲ್ಲ, ಎಚ್ಚರಿಸಲಿಲ್ಲ. ಅಂಗಿಯ ಬಲತೋಳನ್ನು ಇಸ್ತ್ರಿ ಮಾಡುವ ಹಾಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಒತ್ತಿ ಎಳೆದಳು. ಆಗ ಮಾತ್ರ ಆ ಬೀದಿ ಬಾಗಿಲರಾಯನ ದನಿಯನ್ನು ಮೊದಲ ಸಲ ಪೂರ್ತಿಯಾಗಿ ಕೇಳಿತು.

ಪುಟ್ಟಿ ಉಳಿದಳು. ದವಡೆಗೆ ತಂತಿ ಬಿಗಿದರು, ಸೊಂಟಕ್ಕೆ ಪಟ್ಟಿ ಕಟ್ಟಿದರು. ಹಲ್ಲು ಕಚ್ಚಿಕೊಂಡೇ ಮಾತಾಡಬಹುದು ಎಂದು ಡಾಕ್ಟರು ಹೇಳಿದರೂ ಅವಳು ಮಾತಾಡಲಿಲ್ಲ. ಯಾರಾದರೂ ಕೇಳಲು ಬಂದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಬಾಗಿಲರಾಯ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಜಾಮೀನಿನ ಮೇಲೆ ಹೊರಗಿದ್ದ, ತನ್ನ ಮನೆಗೆ ನುಗ್ಗಿ ತನ್ನನ್ನು ಸುಟ್ಟವರ ಮೇಲೆ ಎದುರು ದೂರನ್ನೂ ಕೊಟ್ಟಿದ್ದ.

ಪುಟ್ಟಿಯ ವಕೀಲೆ ಸುತ್ತಿಗೆಯನ್ನು ಕೂರಿಸಿಕೊಂಡು ಹೇಳಿದಳು. "ನಿಮ್ಮ ತಂಗಿನ ಕೊನೇಲಿ ಸಾಕ್ಷಿಗೆ ಕರೀತಾರೆ, ಆದ್ರೆ ಅವರ ಮಾತು ಕೋರ್ಟಲ್ಲಿ ನಿಲ್ಲಲ್ಲ. ಮೂರು ಸಲ ಬಿದ್ದೆ ಅಂತ ಅವರೇ ಬರೆದು ಕೊಟ್ಟಿದ್ದಾರೆ. ನಮಗಿರೋ ಗಟ್ಟಿ ಸಾಕ್ಷಿ ಅಂದ್ರೆ ಆ ಬಾಗಿಲು. ಇಡೀ ದಿನ ಮುಚ್ಚಿರು ಅಂತ ಅಪ್ಪಣೆ ಕೊಟ್ಟಿದ್ದು ಅವನೇ ಅಂತ ಅವನ ಸಹಿ ಹೇಳುತ್ತೆ. ಅವನ ಕಡೆ ವಕೀಲರು ಏನಂತಾರೆ ಗೊತ್ತಾ? ಆ ಸಹಿ ಯಾರು ಬೇಕಾದ್ರೂ ಹಾಕಬಹುದು, ಅವನ ಹೆಂಡತಿ ಅಕ್ಕನೇ ಹಾಕಿದ್ದಾಳೆ, ಕೂಡಿಹಾಕಿದ್ದೂ ಅವಳೇ ಇರಬಹುದು ಅಂತಾರೆ."

"ನಾನು ಹಾಕಿದ್ದು ತೆರೆಯೋ ಅಪ್ಪಣೆ ಒಂದಕ್ಕೆ."

"ಅದನ್ನ ಹೇಳಿದ್ರೆ ಎಲ್ಲಾ ಸಹಿನೂ ಬಿದ್ದೋಗುತ್ತೆ. ಆ ಸಹಿ ಮುರಿಯಕ್ಕಾಗಲ್ಲ ಅನ್ನಿ. ಬಾಗಿಲು ಅವನೇ ತೆರೆದಿಟ್ಟು ಹೋಗಿದ್ದ ಅನ್ನಿ. ಒಂದೇ ಒಂದು ಸುಳ್ಳು, ಮೇಡಂ."

ಉಭಯಸಂಕಟವೆಂದರೆ ಇದು. ನಿಜ ಹೇಳಿದರೆ ತಂಗಿಗೆ ನ್ಯಾಯವಿಲ್ಲ. ಅವನು ಹೊರಗಿರುತ್ತಾನೆ, ಹುಡುಕಿಕೊಂಡು ಬರುತ್ತಾನೆ, ಕೊಲ್ಲುತ್ತಾನೆ. ಸುಳ್ಳು ಹೇಳಿದರೆ ಅವನ ವಕೀಲ ಇನ್ನೊಬ್ಬ ಒಡೆಯುವವನನ್ನು ಕರೆದು ತಂದು, ಆ ಸಹಿಯನ್ನು ಕಟಕಟೆಯಲ್ಲೇ ಮುರಿದು ತೋರಿಸುತ್ತಾನೆ. ಅದನ್ನು ಮುರಿಯುವುದು ಎಷ್ಟು ಸುಲಭವೆಂದು ಅವಳಷ್ಟು ಯಾರಿಗೆ ಗೊತ್ತು? ಅವಳು ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು. ಆಸ್ಪತ್ರೆಗೆ ಹೋಗಿ ಪುಟ್ಟಿಯ ಬೆನ್ನನ್ನು ನೋಡಿಕೊಂಡು ಕೂತು ಬಂದಳು. ಹೆದರಿ ಹಣ್ಣಾದ ಹುಡುಗಿ, ಇವಳಿಂದ ಇನ್ನೇನು ಮಾತು ಬಂದೀತು ಎಂದುಕೊಂಡಳು.

ವಿಚಾರಣೆಯ ದಿನ ಚಿಕ್ಕ ಕೋಣೆ ತುಂಬಿತ್ತು. ಫ್ಯಾನು ಕಿರುಗುಟ್ಟುತ್ತಿತ್ತು. ಸಾಕ್ಷಿ ನಿಲ್ಲುವ ಜಾಗಕ್ಕೂ ಬಾಗಿಲರಾಯ ಕೂತ ಬೆಂಚಿಗೂ ನಡುವೆ ಒಂದು ಮರದ ಮೇಜು ಮಾತ್ರ. ಅವನ ವಕೀಲ ಎದ್ದ.

"ನನ್ನ ಕಕ್ಷಿದಾರರ ಸಹಿನ ಮುರಿಯಕ್ಕೆ ಸಾಧ್ಯನಾ?"

ಪುಟ್ಟಿಯ ವಕೀಲೆ ಉಸಿರು ಹಿಡಿದಳು.

"ಸಾಧ್ಯ" ಎಂದಳು ಸುತ್ತಿಗೆ. "ನಾನೇ ಮುರಿದೆ."

ಅವನ ವಕೀಲ ಗೆದ್ದೆನೆಂದು ನಗುತ್ತ ಕೂರಲು ಹೋದ. ಅವಳು ನಿಲ್ಲಿಸಲಿಲ್ಲ. ಮುಖ ತಿರುಗಿಸಿ, ನ್ಯಾಯಾಧೀಶರಿಗಲ್ಲ, ನೇರವಾಗಿ ಬಾಗಿಲರಾಯನಿಗೆ ಹೇಳತೊಡಗಿದಳು. "ಹೇಗೆ ಮುರಿದೆ ಅಂತಾನೂ ಹೇಳ್ತೀನಿ, ಎಲ್ರೂ ಕೇಳ್ಲಿ. ಕಷ್ಟಪಟ್ಟು ಮುರಿದೆ ಅಂದ್ಕೋಬೇಡಿ. ಈ ಕೆಲಸಕ್ಕೆ ಸೇರಿದೋರಿಗೆ ಮೊದಲ ವಾರಾನೇ ಏನು ಮಾಡಬಾರದು ಅಂತ ಹೇಳ್ಕೊಡ್ತೀವಲ್ಲ, ಅದನ್ನೇ ಮಾಡಿದಾರೆ. ಕಾಯಕ್ಕಾಗಲ್ಲ ಇವರಿಗೆ. ಬಾಗಿಲ ಮುಂದೆ ಒಂದು ಕ್ಷಣ ನಿಂತ್ಕೊಳ್ಳೋ ಗಂಡಸುತನ ಇಲ್ಲ. ಅದಕ್ಕೇ ಎಸೆಯೋದನ್ನ ತೆಗೆದುಹಾಕಿದಾರೆ. ಇವರು ಬಾಗಿಲು ಮಾಡಿಲ್ಲ, ಬರೀ ಚೌಕಟ್ಟು ನಿಲ್ಲಿಸಿದಾರೆ. ಇವರ ಬಾಗಿಲು ಕೊಂಡೋರೆಲ್ಲ ಮನೆಗೆ ಹೋಗಿ ಒಂದು ಕುರ್ಚಿ ಅಡ್ಡ ಇಟ್ಕೊಂಡ್ರೆ ವಾಸಿ."

ಯಾರೋ ಹಿಂದೆ ಕಿಸಕ್ಕೆಂದರು. ಅವನ ವಕೀಲ, ಇದು ಬೇಡ, ಸಾಕು ಎನ್ನುತ್ತಿದ್ದ. ಬಾಗಿಲರಾಯ ಎದ್ದು ನಿಂತಿದ್ದ. ತನ್ನ ಸಹಿ ಮುರಿಯಬಹುದಾದದ್ದೆಂದು ಸಾಬೀತಾದರೆ ಮಾತ್ರ ತನಗೆ ಬಿಡುಗಡೆ ಎಂಬುದು ಅವನಿಗೆ ಆ ಕ್ಷಣ ಮರೆತೇ ಹೋಗಿತ್ತು. ಅವನ ಮಾತು ನಿಂತಿತ್ತು, ಮುಖ ಬಿಳುಚಿತ್ತು. ಮೇಜನ್ನು ಬಳಸಿ ಬಂದ. ಅವಳಿಗೆ ಎಲ್ಲವೂ ಕಂಡಿತು: ಯಾವ ಕೈ, ಎಷ್ಟು ಎತ್ತರ, ಎಲ್ಲಿಗೆ. ಪಕ್ಕಕ್ಕೆ ಸರಿಯಲು ಬೇಕಾದಷ್ಟು ಹೊತ್ತೂ ಇತ್ತು. ಸುತ್ತಿಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಖವನ್ನು ನೆಟ್ಟಗೆ ಇಟ್ಟುಕೊಂಡಳು.

ಮೂಳೆ ಮುರಿದ ಸದ್ದು ಕೋಣೆಗೆಲ್ಲ ಕೇಳಿತು. ಬಿದ್ದವಳ ಮೇಲೆ ಅವನು ಮಂಡಿಯೂರಿ ಮತ್ತೆ ಗುದ್ದಿದ, ಸುಟ್ಟ ಗಾಯ ಒಡೆದು ಬ್ಯಾಂಡೇಜು ಕೆಂಪಾದರೂ ಗುದ್ದಿದ. "ನನ್ನ ಬಾಗಿಲನ್ನ ಅಂತೀಯಾ, ಅವಳಿಗೂ ಇದೇ ಕೊಟ್ಟೆ, ನಿನಗೂ ಇದೇ" ಎಂದು ಉಬ್ಬಸದಲ್ಲಿ ಹೇಳುತ್ತಿದ್ದ. ಪೇದೆಗಳು ಕಿತ್ತು ತೆಗೆಯುವಷ್ಟರಲ್ಲಿ ನ್ಯಾಯಾಧೀಶೆಯ ಮೇಜಿನ ಕಾಲಿನವರೆಗೂ ರಕ್ತ ಚಿಮ್ಮಿತ್ತು. ಆಕೆ ಎದ್ದು ನಿಂತು ಎಲ್ಲವನ್ನೂ ನೋಡಿದ್ದರು, ಆ ಮಾತನ್ನೂ ಕೇಳಿದ್ದರು. ಇದಕ್ಕೆ ಇನ್ನು ಯಾವ ಯಂತ್ರದ ಸಹಿ ಬೇಕು? ಅವನ ಜಾಮೀನು ಅಲ್ಲೇ ರದ್ದಾಯಿತು. ಕೈಕೋಳ ಹಾಕಿ ಎಳೆದುಕೊಂಡು ಹೋದರು.

ಅವಳಿಗೆ ಎಚ್ಚರವಾದಾಗ ತಂಗಿಯ ವಾರ್ಡಿನಲ್ಲೇ, ಪಕ್ಕದ ಮಂಚದಲ್ಲಿ ಇದ್ದಳು. ಬಾಯಿಗೆ ತಂತಿ ಬಿಗಿದಿತ್ತು, ಮೂಗಿನಿಂದ ಕೆನ್ನೆಯವರೆಗೆ ಪಟ್ಟಿ. ನಾಲಿಗೆ ಊದಿ ಬಾಯಿ ತುಂಬಿಕೊಂಡಿತ್ತು, ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ಆದರೂ ಅವಳಿಗೆ ಒಳಗೊಳಗೇ ಒಂದು ತೃಪ್ತಿಯಿತ್ತು. ಈ ಸಲವೂ ಅಡ್ಡ ನಿಂತೆ, ಈ ಸಲವೂ ಉಳಿಸಿದೆ ಎಂದುಕೊಂಡಳು.

ನರ್ಸು ದಿಂಬು ಸರಿಮಾಡುತ್ತ ಹೇಳಿದಳು. "ನಿಮ್ಮ ತಂಗಿಗೆ ಬಹಳ ಬೇಜಾರಾಗಿದೆ. ನಾಳೆ ಕೋರ್ಟಲ್ಲಿ ಅವರ ಸರದಿ ಇತ್ತಲ್ಲ. ವಾರದಿಂದ ದಿನಾ ಕನ್ನಡಿ ಮುಂದೆ ಕೂತು ಹಲ್ಲು ಕಚ್ಚಿಕೊಂಡು ಮಾತು ಅಭ್ಯಾಸ ಮಾಡ್ತಿದ್ರು. ಯಾರಾದ್ರೂ ಬಂದ್ರೆ ನಿಲ್ಲಿಸಿಬಿಡ್ತಿದ್ರು."

ಸುತ್ತಿಗೆ ಕತ್ತು ಹೊರಳಿಸಿದಳು. ಪುಟ್ಟಿ ಗೋಡೆಯ ಕಡೆ ತಿರುಗಿರಲಿಲ್ಲ. ಮಂಚದ ಅಂಚಿಗೆ ಬಂದು ಕೂತಿದ್ದಳು, ನೆಟ್ಟಗೆ ಅಕ್ಕನನ್ನೇ ನೋಡುತ್ತಿದ್ದಳು. ಅಷ್ಟು ಸಿಟ್ಟನ್ನು ಅಕ್ಕ ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ನಿನ್ನನ್ಯಾರು ಕೇಳಿದ್ರು?" ಎಂದಳು ಪುಟ್ಟಿ. ಬಿಗಿದ ಹಲ್ಲುಗಳ ನಡುವಿನಿಂದ ಮಾತು ಚಪ್ಪಟೆಯಾಗಿ ಬಂದರೂ ಪ್ರತಿಯೊಂದು ಅಕ್ಷರ ಸ್ಪಷ್ಟವಾಗಿತ್ತು. "ಎಲ್ರೂ ಬಾಗಿಲನ್ನ ನಂಬಿದ್ರಿ, ಸಹಿನ ನಂಬಿದ್ರಿ. ಕೊನೆಗೆ ನೀನು ಅವನ ಮುಷ್ಟಿನೂ ನಂಬಿದೆ. ನಾನು ಹೇಳ್ತೀನಿ ಅಂತ ನಿಂಗೆ ಒಂದು ಸಲಾನೂ ಅನ್ನಿಸ್ಲಿಲ್ವಾ?"

ಅಕ್ಕ ಬಾಯಿ ತೆರೆಯಲು ನೋಡಿದಳು, ತಂತಿ ಬಿಡಲಿಲ್ಲ. ಕೈ ಚಾಚಿದಳು. ಪುಟ್ಟಿ ಆ ಕೈಯನ್ನು ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.

"ನಾಳೆ ಹೋಗ್ತೀನಿ. ನಂಬಲಿ ಬಿಡಲಿ, ಎಲ್ಲಾ ಹೇಳ್ತೀನಿ. ಅದಕ್ಕೆ ಮೊದಲು ನೀನು ಕೇಳು. ನೀನು ಯಾವತ್ತೂ ಕೇಳಿಲ್ಲ." ಅವಳು ಉಸಿರೆಳೆದುಕೊಂಡಳು. "ನೀನು ಓದೋಕೆ ಅಂತ ಹಾಸ್ಟೆಲಿಗೆ ಹೋದೆಯಲ್ಲ ಅಕ್ಕಾ. ನೀನು ಹೋದ ಮೇಲೆ ಅಪ್ಪ ಯಾರಿಗೆ ಹೊಡೀತಿದ್ದ ಅಂದ್ಕೊಂಡೆ?"

ಪುಟ್ಟಿ ಮೊದಲಿನಿಂದ ಶುರುಮಾಡಿದಳು.